ಹಳೇ ವಾಕಿಟಾಕಿ ಸೆಟ್ಟಿನ ಚಾನೆಲ್ ಸ್ವಿಚ್ ಕೈಕೊಟ್ರ ಏನ್ ಮಾಡೂದು

ನಾಬ್ ತಿರುವಿದ್ರ ಖರ್ ಖರ್ ಅಂತೈತಿ, ಮೂರನೇ ಚಾನೆಲ್ಲಿಗೆ ಇಟ್ರ ಒಮ್ಮೆ ಹತ್ತತೈತಿ ಒಮ್ಮೆ ಹತ್ತಂಗಿಲ್ಲ, ನಾಬ್ ಮ್ಯಾಲೆ ಬೆರಳಿಟ್ಟು ತುಸು ಬಾಜೂಕ ಒತ್ತಿ ಹಿಡಕೊಂಡ್ರಷ್ಟ ಮಾತು ಕೇಳತೈತಿ, ಬೆರಳ ಬಿಟ್ರ ಮತ್ತ ಸುಸ್ಸ್... ಹಳೇ ಟೂ ವೇ ಸೆಟ್ಟು ಇಟ್ಕೊಂಡವ್ರಿಗೆಲ್ಲಾ ಈ ರೋಗ ಗೊತ್ತಿದ್ದದ್ದ. ಇದಕ್ಕ ಸೆಟ್ಟು ಸತ್ತೋತು ಅಂತ ಮೋಡಕಾ (ಗುಜರಿ) ಅಂಗಡಿಗೆ ಕೊಡಬ್ಯಾಡ್ರಿ, ಹಂಗಂತ ಹೊಸಾ ಸ್ವಿಚ್ ಹುಡುಕಾಕೂ ಹೋಗಬ್ಯಾಡ್ರಿ ಈಗಲೇ. ನನ್ನ ಕೈಯಾಗ ಬಂದ ಸೆಟ್ಟುಗಳೊಳಗ ಸ್ವಿಚ್ ಖರೇನ ಸವದು ಹೋಗಿದ್ದು ಎರಡ ಎರಡು, ಅದ್ರಾಗ ಒಂದು ನಾನ ಸವಸಿದ್ದು. ಉಳದದ್ದೆಲ್ಲಾ ಕಿಲುಬು, ಒಣಗಿದ ಗ್ರೀಸು, ಇಲ್ಲಾ ಬಿಟ್ಟ ಸೋಲ್ಡರ್ರು.

ನಾ ಸವಸಿದ್ದು ಹೆಂಗ ಅಂತ ಮೊದಲ ಹೇಳಿಬಿಡತೀನಿ. ಹುಬ್ಬಳ್ಳಿ ಮೋಡಕಾದಾಗ ಒಂದು ಜಪಾನಿ ಕ್ರಿಸ್ಟಲ್ ಸೆಟ್ಟು (ಒಂದೊಂದು ಚಾನೆಲ್ಲಿನ ಫ್ರೀಕ್ವೆನ್ಸಿಗೆ ಬ್ಯಾರೆ ಬ್ಯಾರೆ ಸಣ್ಣ ಕ್ರಿಸ್ಟಲ್ ಇರೂ ಸೆಟ್ಟು) ಸಿಕ್ಕಿತ್ತು, ಹೆಗಲಿಗೆ ಹಾಕೊಳ್ಳೂ ಪಟ್ಟಿ ಸೈತ ಇತ್ತು ಅದಕ್ಕ. ಚಾನೆಲ್ ಹತ್ತವಲ್ಲದು ಅಂತ ಬಿಚ್ಚಿ ನೋಡಿದ್ರ ಕಾಂಟ್ಯಾಕ್ಟ್ ಎಲ್ಲಾ ಕರ್ರಗ, ನಾ ಶಾಣ್ಯಾ ಅಂತ ಉಪ್ಪು ಕಾಗದ ತಗೊಂಡು ಫಳಾ ಫಳಾ ಅನ್ನೂ ಹಂಗ ತಿಕ್ಕಿಬಿಟ್ಟೆ. ಎರಡು ವಾರ ಎಂಥಾ ಚಲೋ ನಡೀತು ಅಂತೀರಿ! ಆಮ್ಯಾಲೆ ಮೊದಲಿನಕಿಂತ ಕೆಟ್ಟಾತು, ಯಾವ ಚಾನೆಲ್ಲೂ ನಿಲ್ಲವಲ್ಲದು. ನಮ್ಮ ಓಣ್ಯಾಗ ರೈಲ್ವೆ ಟೆಲಿಕಾಂ ಕೆಲಸದಿಂದ ರಿಟೈರ್ ಆದ ಕಾಕಾ ಒಬ್ರು ಅದಾರ, ಅವ್ರಿಗೆ ಒಯ್ದು ತೋರಿಸಿದೆ. ಕಣ್ಣಿಗೆ ಭೂತಗನ್ನಡಿ ಹಿಡದು ನೋಡಿ ಅಂದ್ರು, ತಮ್ಮಾ, ಬೆಳ್ಳಿ ಕೆರದು ಒಗದಿ, ಈಗ ಬರೇ ಹಿತ್ತಾಳಿ ಉಳದೈತಿ ನೋಡು. ಆವತ್ತಿನಿಂದ ನಾ ಈ ಸ್ವಿಚ್ಚುಗಳನ್ನ ನೋಡೂ ರೀತಿನ ಬ್ಯಾರೆ ಆತು.

ಯಾಕಂದ್ರ ಒಳಗ ಇರೂದು ಹಿಂಗ: ಕಂದು ಬಣ್ಣದ ಫೀನಾಲಿಕ್ ಬಿಲ್ಲೆ, ಅದರ ಸುತ್ತ ಹಿತ್ತಾಳಿ ಇಲ್ಲಾ ಫಾಸ್ಫರ್ ಬ್ರಾಂಜಿನ ಸಣ್ಣ ಸಣ್ಣ ನಾಲಿಗಿ, ಅವುಗಳ ಮ್ಯಾಲೆ ಬೆಳ್ಳಿ ನೀರು ಕೊಟ್ಟಿರ್ತಾರ, ಕೆಲವೇ ಮೈಕ್ರಾನ್ ದಪ್ಪ ಅಷ್ಟ. ನಡುವ ತಿರುಗೂ ರೋಟರ್ರು, ಅದ ಕಾಮನ್, ಅಂದ್ರ ಎಲ್ಲಾ ಚಾನೆಲ್ಲಿಗೂ ಕೂಡೂ ಒಂದ ಕಡೆ. ದಂಡಿನ ಬುಡದಾಗ ಹಲ್ಲಿನ ಚಕ್ರ, ಸ್ಪ್ರಿಂಗು, ಒಂದೋ ಎರಡೋ ಉಕ್ಕಿನ ಗುಂಡು, ಟಕ್ ಟಕ್ ಅಂತ ಕೂಡ್ರೂದು ಅದರಿಂದ. ಬೆಳ್ಳಿ ಕರ್ರಗ ಆಗೂದು ಗಾಳ್ಯಾಗಿನ ಗಂಧಕದಿಂದ, ಮನ್ಯಾಗ ಬೆಳ್ಳಿ ಕರಡಗಿ, ಕಾಲ್ಗೆಜ್ಜಿ ಕರ್ರಗ ಆಗ್ತಾವಲ್ಲ, ಅದ ಇದು. ಆ ಕರೀ ಪದರು ಕರೆಂಟು ಸರಿಯಾಗಿ ಹಾಯಾಕ ಬಿಡಂಗಿಲ್ಲ. ಪವರ್ ಸ್ವಿಚ್ಚಿನ್ಯಾಗ ಕರೆಂಟು ಜಾಸ್ತಿ ಹರೀತೈತಿ ಅಂತ ಪದರು ಸುಟ್ಟು ದಾರಿ ಆಗ್ತೈತಿ, ಚಾನೆಲ್ ಸ್ವಿಚ್ಚಿನ್ಯಾಗ ಹರಿಯೂದು ಒಂದೆರಡು ಮಿಲಿಆಂಪು, ಅದಕ್ಕ ಅಷ್ಟು ತಾಕತ್ತಿಲ್ಲ. ಒಂದ ಸೆಟ್ಟಿನ್ಯಾಗ ಒಂದ ವಯಸ್ಸಿನ ಎರಡು ಸ್ವಿಚ್ಚು, ಒಂದು ಚಲೋ ಒಂದು ಕೆಟ್ಟದ್ದು ಅಂದ್ರ ಕಾರಣ ಇದು. ಇನ್ನ ಹುಬ್ಬಳ್ಳಿ ಧೂಳು, ಧಾರವಾಡದ ಜಿಟಿಜಿಟಿ ಮಳಿ ಎರಡೂ ಕೂಡಿದ್ರ ಏನಾಗ್ತೈತಿ ಅಂತ ನಾ ಹೇಳೂದ ಬ್ಯಾಡ, ಹಳೇ ಗ್ರೀಸಿನ ಮ್ಯಾಲೆ ಧೂಳು ಕುಂತು ಅಂಟು ಕಟ್ಟಿರ್ತೈತಿ.

ಕೆಲಸಕ್ಕ ಕುಂಡ್ರೂಕಿಂತ ಮೊದಲ ಬ್ಯಾಟರಿ ತಗೀರಿ, ಜೀಪಿನ ಸೆಟ್ಟಾದ್ರ ಸಪ್ಲೈ ವೈರ್ ಕೀಳ್ರಿ. ವಾಲ್ವ್, ಅಂದ್ರ ಹಳೇ ಗಾಜಿನ ಟ್ಯೂಬ್, ಇದ್ದ ಸೆಟ್ಟಾದ್ರ ಕೆಪಾಸಿಟರ್‌ನ್ಯಾಗ ನೂರಾರು ವೋಲ್ಟು ಆರಿಸಿದ ಮ್ಯಾಲೂ ಕುಂತಿರ್ತೈತಿ, ಅದನ್ನ ಡಿಸ್ಚಾರ್ಜ್ ಮಾಡಾಕ ಬರಂಗಿಲ್ಲಂದ್ರ ಬರೂವ್ರನ್ನ ಬಾಜೂಕ ಕುಂಡ್ರಿಸಿಕೊಳ್ರಿ. ಟೆಸ್ಟ್ ಮಾಡೂ ಮುಂದ ಆಂಟೆನಾ ಇಲ್ದ ಪಿಟಿಟಿ, ಅಂದ್ರ ಮಾತಾಡೂ ಬಟನ್, ಒತ್ತಬ್ಯಾಡ್ರಿ, ಆಂಟೆನಾಕ್ಕ ಪವರ್ ಕೊಡೂ ಫೈನಲ್ ಟ್ರಾನ್ಸಿಸ್ಟರ್ ಹೋಗಿಬಿಡಬಹುದು, ಆ ನಂಬರಿನ ಟ್ರಾನ್ಸಿಸ್ಟರ್ ಈಗ ಸಿಗೂದು ಸ್ವಿಚ್ ಸಿಗೂದಕಿಂತ ಕಷ್ಟ. ಲೈಸೆನ್ಸ್ ಇಲ್ದವ್ರಂತೂ ಒತ್ತಾಕ ಹೋಗಬ್ಯಾಡ್ರಿ. ಹ್ಯಾಮ್, ಅಂದ್ರ ಹವ್ಯಾಸಿ ರೇಡಿಯೋ, ಲೈಸೆನ್ಸ್ ಇದ್ರೂ ನೋಡಿ ಒತ್ರಿ, ನಮ್ಮ ದೇಶದಾಗ ಹ್ಯಾಮ್‌ಗಳ 2 ಮೀಟರ್ ಬ್ಯಾಂಡ್ 144 ರಿಂದ 146 ಮೆಗಾಹರ್ಟ್ಸ್, ಮೋಡಕಾದಿಂದ ಬಂದ ಸೆಟ್ಟಿನ ಒಳಗಿನ ಕ್ರಿಸ್ಟಲ್ ಯಾವ ಇಲಾಖೆದ್ದು ಯಾರಿಗೆ ಗೊತ್ತು.

ಈಗ ರೋಗ ಎಲ್ಲೈತಿ ಅಂತ ಹುಡಕೂಣು. ಬಿಚ್ಚೂ ಅವಸರ ಬ್ಯಾಡ. ಮೊದಲ ನಾಬ್ ಹಿಡದು ಅಲುಗಾಡಿಸಿ ನೋಡ್ರಿ, ನಾಬ್ ತಿರುಗಿ ದಂಡು ತಿರುಗವಲ್ಲದು ಅಂದ್ರ ಬಾಜೂಕಿನ ಸಣ್ಣ ಗ್ರಬ್ ಸ್ಕ್ರೂ ಸಡ್ಲ ಆಗಿರ್ತೈತಿ, ಇಲ್ಲಾ ಪ್ಲಾಸ್ಟಿಕ್ ನಾಬ್ ಒಳಗ ಸೀಳಿರ್ತೈತಿ. ನಗಬ್ಯಾಡ್ರಿ, ಗದಗಿನಿಂದ ಒಬ್ರು ಬಸ್ಸಿನ್ಯಾಗ ಸೆಟ್ಟು ತಗೊಂಡು ಬಂದಿದ್ರು, ನಾಬ್ ಬಿಗಿ ಮಾಡಿ ಕೊಟ್ಟೆ, ಮಿರ್ಚಿ ತಿಂದು ಚಹಾ ಕುಡದು ಹೊಳ್ಳಿ ಹೋದ್ರು.

ನಾಬ್ ಸರಿ ಐತಿ ಅಂದ್ರ, ಒಂದು ಹಾಳಿ ಮ್ಯಾಲೆ ಚಾನೆಲ್ ನಂಬರ್ ಬರಕೊಂಡು ಯಾವ್ಯಾವು ಹತ್ತತಾವು ಯಾವ್ಯಾವು ಇಲ್ಲ ಅಂತ ಗುರ್ತು ಹಾಕ್ಕೋತ ಹೋಗ್ರಿ. ಈ ಹಾಳಿ ಅರ್ಧಾ ರಿಪೇರಿ ಇದ್ದಂಗ. ಎಲ್ಲಾ ಚಾನೆಲ್ಲೂ ಬಿಟ್ಟು ಬಿಟ್ಟು ಹತ್ತತಾವು ಅಂದ್ರ ಸಂಶಯ ಕಾಮನ್ ಮ್ಯಾಲೆ, ರೋಟರ್ ಉಜ್ಜೂ ನಾಲಿಗಿ ಇಲ್ಲಾ ಅದರ ವೈರು. ಒಂದ ಒಂದು ಚಾನೆಲ್ ಸತ್ತೈತಿ ಅಂದ್ರ ಕ್ರಿಸ್ಟಲ್ ಸೆಟ್ಟಿನ್ಯಾಗ ಕ್ರಿಸ್ಟಲ್ಲೂ ಕೆಟ್ಟಿರಬಹುದು, ಅದಕ್ಕ ಆ ಕ್ರಿಸ್ಟಲ್ ತಗದು ಚಲೋ ಇದ್ದ ಚಾನೆಲ್ಲಿನ ಸಾಕೆಟ್ಟಿಗೆ ಹಾಕಿ ನೋಡ್ರಿ. ಮುಳ್ಳಿನಂಗ ಪಿನ್ ಇದ್ದ ಎಚ್‌ಸಿ-25 ಕ್ರಿಸ್ಟಲ್ ಆದ್ರ ಸುಮ್ಮ ಕಿತ್ತು ಹಾಕಬಹುದು, ತೆಳ್ಳನ ತಂತಿ ಇದ್ದ ಎಚ್‌ಸಿ-18 ಆದ್ರ ಸೋಲ್ಡರ್ ಬಿಚ್ಚಬೇಕು. ರೋಗ ಕ್ರಿಸ್ಟಲ್ ಹಿಂದ ಹೋತು ಅಂದ್ರ ಸ್ವಿಚ್ ಮುಟ್ಟಬ್ಯಾಡ್ರಿ, ಅಲ್ಲೇ ಉಳೀತು ಅಂದ್ರ ಸ್ವಿಚ್ಚಿಂದ. ರಿಸೀವಿಗೆ ಒಂದು ಟ್ರಾನ್ಸ್‌ಮಿಟ್ಟಿಗೆ ಒಂದು ಅಂತ ಚಾನೆಲ್ಲಿಗೆ ಎರಡು ಕ್ರಿಸ್ಟಲ್ ಇರ್ತಾವು, ಸ್ವಿಚ್ಚಿನ್ಯಾಗೂ ಎರಡಕ್ಕ ಬ್ಯಾರೆ ಬ್ಯಾರೆ ಬಿಲ್ಲೆ ಇರ್ತಾವು ಸಾಮಾನ್ಯ, ಹಂಗಾಗಿ ಕೇಳೂದು ಚಲೋ ಇದ್ದು ಮಾತಾಡೂದು ಹೋಗವಲ್ಲದು ಅನ್ನೂ ಆಟಾನೂ ಇರ್ತೈತಿ.

ಆಮ್ಯಾಲಿನ ಕಾಲದ 16 ಚಾನೆಲ್ ಹ್ಯಾಂಡ್‌ಸೆಟ್ಟಿನ ಕಥಿ ಬ್ಯಾರೆ. ಅಲ್ಲಿ ಒಂದೊಂದು ಚಾನೆಲ್ಲಿಗೆ ಒಂದೊಂದು ವೈರ್ ಇರಂಗಿಲ್ಲ, ನಾಕ ವೈರಿನ್ಯಾಗ ಹದಿನಾರೂ ಬರ್ತಾವು. ವೈರುಗಳ ಬೆಲಿ 1, 2, 4, 8. ನಾಬ್ ಒಂದನೇ ಚಾನೆಲ್ಲಿಗೆ ಇದ್ರ ಲೆಕ್ಕ ಸೊನ್ನಿ, ಎರಡಕ್ಕ ಇದ್ರ 1, ಆರಕ್ಕ ಇದ್ರ 5 ಅಂದ್ರ 4 ಮತ್ತ 1 ಕೂಡಿಸಿದಂಗ. ಈಗ 4ರ ವೈರಿನ ನಾಲಿಗಿ ಹತ್ತವಲ್ಲದು ಅಂತ ಇಟ್ಕೊಳ್ರಿ, ಅವಾಗ 5 ರಿಂದ 8 ತಿರುವಿದ್ರ ಸೆಟ್ಟು 1 ರಿಂದ 4 ಅಂತ ತಿಳಕೋತೈತಿ, 13 ರಿಂದ 16 ಇಟ್ರ 9 ರಿಂದ 12 ಆಡತೈತಿ. 1ರ ವೈರ್ ಹೋದ್ರ ಎರಡೆರಡು ಚಾನೆಲ್ ಜೋಡಿ ಜೋಡಿ ಒಂದ ಆಗ್ತಾವು. 8ರದ್ದು ಹೋದ್ರ ಮ್ಯಾಲಿನ ಎಂಟೂ ಕೆಳಗಿನ ಎಂಟರಂಗ ಆಡತಾವು. ಹಾಳಿ ಮ್ಯಾಲೆ ಬರಕೊಂಡ್ರಿ ಅಂದ್ರ ಸೆಟ್ಟು ಬಿಚ್ಚೂಕಿಂತ ಮೊದಲ ಯಾವ ಪಿನ್ನು ಅಂತ ಹೇಳಬಹುದು, ಅಂಗಡ್ಯಾಗ ನಿಂತು ಹಿಂಗ ಹೇಳಿದ್ರ ಮಂದಿ ಕಣ್ಣು ಬಿಟ್ಟು ನೋಡತಾರ, ಮಜಾ ಬರತೈತಿ. ಕೆಲವು ಸೆಟ್ಟಿನ್ಯಾಗ ಉಲ್ಟಾ ಇರ್ತೈತಿ, ಹತ್ತದ್ದಕ್ಕ 1 ಅಂತ ಲೆಕ್ಕ, ಅವಾಗ ಚಾನೆಲ್ ಮ್ಯಾಲೆ ಜಿಗೀತೈತಿ. ಇನ್ನ ಕೆಲವುದರಾಗ ಗ್ರೇ ಕೋಡ್ ಇರ್ತೈತಿ, ಒಂದು ಹೆಜ್ಜಿಗೆ ಒಂದ ವೈರ್ ಬದಲಾಗೂ ಹಂಗ ಜೋಡಿಸಿರ್ತಾರ, ಅಲ್ಲಿ ಈ ಕೂಡಿಸೂ ಲೆಕ್ಕ ನೇರ ಹತ್ತಂಗಿಲ್ಲ, ಒಂದೊಂದ ಪಿನ್ನು ಮೀಟರ್ ಹಚ್ಚಿ ನೋಡೂದ.

ಬಿಚ್ಚೂ ಮುಂದ ಹೆಜ್ಜಿ ಹೆಜ್ಜಿಗೆ ಮೊಬೈಲ್‌ನ್ಯಾಗ ಫೋಟೋ ಹೊಡ್ಕೊಳ್ರಿ, ಸ್ಕ್ರೂ ಎಲ್ಲಾ ಗುಳಗಿ ಡಬ್ಬಿ ಮುಚ್ಚಳದಾಗ ಹಾಕ್ರಿ, ನಾಬ್ ಒಂದನೇ ಚಾನೆಲ್ಲಿಗೆ ಇಟ್ಟು ದಂಡು ಮತ್ತ ಬಾಡಿ ಮ್ಯಾಲೆ ಉಗುರ ಬಣ್ಣದಿಂದ ಒಂದು ಗೆರಿ ಎಳೀರಿ. ಮನ್ಯಾಕಿದು ತಗೊಂಡಿದ್ರ ಹೊಳ್ಳಿ ಅಲ್ಲೇ ಇಡ್ರಿ.

ಮೀಟರ್ ಬೀಪಿನ ಮ್ಯಾಲೆ ನಂಬಿಕಿ ಇಡಬ್ಯಾಡ್ರಿ, ಹತ್ತಿಪ್ಪತ್ತು ಓಮ್ ಇದ್ರೂ ಅದು ಬೀಪ್ ಅಂತೈತಿ. 200 ಓಮ್ ರೇಂಜಿಗೆ ಇಟ್ಟು ಮೊದಲ ಎರಡೂ ಮುಳ್ಳು ಒಂದಕ್ಕೊಂದು ಹಚ್ಚಿ ನೋಡ್ರಿ, ಸಾದಾ ಮೀಟರಿನ ವೈರಿಗೇ 0.2, 0.3 ತೋರಸ್ತೈತಿ, ಅದನ್ನ ಕಳದು ಉಳದದ್ದು ಸ್ವಿಚ್ಚಿಂದು. ಚಲೋ ಕಾಂಟ್ಯಾಕ್ಟ್ ಅಂದ್ರ ಕಳದ ಮ್ಯಾಲೆ ಹೆಚ್ಚುಕಮ್ಮಿ ಸೊನ್ನಿ. ನಂಬರಿನಕಿಂತ ಜಾಸ್ತಿ ನೋಡೂದು ಅದು ಕುಣಿಯೂದನ್ನ, ನಾಬ್ ಹಗೂರಕ ಅಲುಗಾಡಿಸಿದ್ರ 0.1 ಇದ್ದದ್ದು 6 ಆಗಿ 40 ಆಗಿ ಮತ್ತ 0.1 ಆಗ್ತೈತಿ ಅಂದ್ರ ಕಿಲುಬು ಇಲ್ಲಾ ಸ್ಪ್ರಿಂಗ್ ಸಡ್ಲ. ಅಲುಗಾಡಿಸಿದ್ರೂ ಮೀಟರ್ ನೆಟ್ಟಗ ನಿಂತೈತಿ, ಆದ್ರ ಸೆಟ್ಟು ಹಾಕಿದ್ರ ರೋಗ ಹಂಗ ಐತಿ ಅಂದ್ರ ಸ್ವಿಚ್ ಬಿಟ್ಟು ಅದರ ಕೆಳಗ ಬೋರ್ಡ್ ನೋಡ್ರಿ. ನಾಬ್ ಬಡದು ಬಡದು ಸ್ವಿಚ್ಚಿನ ಕಾಲುಗಳ ಸೋಲ್ಡರ್ ಸುತ್ತ ಕೂದಲಿನಂಥಾ ಸೀಳು ಬಿದ್ದಿರ್ತೈತಿ, ಉಂಗುರದಂಗ ಕಾಣತೈತಿ ಭೂತಗನ್ನಡ್ಯಾಗ. ಹ್ಯಾಂಡ್‌ಸೆಟ್ಟು ಕೆಳಗ ಬಿದ್ದಿದ್ರಂತೂ ಮೊದಲ ಅಲ್ಲೇ. ಹಳೇ ಸೋಲ್ಡರ್ ತಗದು, ಫ್ಲಕ್ಸ್ ಹಚ್ಚಿ, ಹೊಸದು ಹಾಕ್ರಿ, ಎರಡು ಮೂರು ಸೆಕೆಂಡಿನಕಿಂತ ಜಾಸ್ತಿ ಐರನ್ ಹಿಡೀಬ್ಯಾಡ್ರಿ, ಒಳಗಿನ ಪ್ಲಾಸ್ಟಿಕ್ ಕರಗಿ ನಾಲಿಗಿ ವಾರಿ ಆಗ್ತಾವು.

ಸ್ವಿಚ್ಚಿಂದ ರೋಗ ಅಂತ ಖಾತ್ರಿ ಆತು ಅನ್ನೂಣು. ಆದ್ರೂ ಸ್ಪ್ರೇ ಡಬ್ಬಿ ಎತ್ತಬ್ಯಾಡ್ರಿ ಇನ್ನ. ಪವರ್ ಇಲ್ದ ಒಂದ ತುದಿಯಿಂದ ಇನ್ನೊಂದು ತುದಿಗೆ ನಲವತ್ತು ಐವತ್ತು ಸಲ ನಾಬ್ ತಿರುವಿ ಹೊಳ್ಳಿ ಓಮ್ ನೋಡ್ರಿ. ವರ್ಷಗಟ್ಟಲೆ ಕಪಾಟಿನ್ಯಾಗ ಕುಂತ ಸೆಟ್ಟುಗಳು ಇಷ್ಟಕ್ಕ ಎಷ್ಟೋ ಸಲ ಎದ್ದು ಕುಂತಾವು, ತಿಕ್ಕೂದನ್ನ ಸ್ವಿಚ್ಚ ತಾನ ಮಾಡ್ಕೋತೈತಿ.

ಅದಕ್ಕೂ ಜಗ್ಗಲಿಲ್ಲಂದ್ರ ಐಸೊಪ್ರೊಪೈಲ್ ಆಲ್ಕೋಹಾಲ್, 99 ಪರ್ಸೆಂಟಿಂದು, ಇಂಜೆಕ್ಷನ್ ಸಿರಿಂಜಿನ್ಯಾಗ ತಗೊಂಡು ಒಂದೊಂದು ಕಾಂಟ್ಯಾಕ್ಟಿಗೆ ಒಂದೊಂದು ಹನಿ. ತಿರುವ್ರಿ, ಒಣಗಾಕ ಬಿಡ್ರಿ, ಮತ್ತ ಹನಿ. ಕರೀ ನೀರು ಬರತೈತಿ, ಅದನ್ನ ಹತ್ತಿಗೆ ಹೀರಿಸಿ ತಗೀರಿ, ಇಲ್ಲಂದ್ರ ಹೊಲಸು ಒಂದು ನಾಲಿಗಿಯಿಂದ ಇನ್ನೊಂದಕ್ಕ ಹೋಗಿ ಕೂಡತೈತಿ ಅಷ್ಟ. ಪೆಟ್ರೋಲು, ಥಿನ್ನರು, ನೇಲ್ ಪಾಲಿಶ್ ರಿಮೂವರು ಇವ್ಯಾವೂ ಬ್ಯಾಡ, ಅಸಿಟೋನ್ ತಾಗಿದ್ರ ಕೆಲವು ಪ್ಲಾಸ್ಟಿಕ್ ಬೆಲ್ಲದಂಗ ಕರಗಿಬಿಡತಾವು. ಸಿಆರ್‌ಸಿ 2-26 ತರದ ಸ್ಪ್ರೇ ಎಲ್ಲಾ ಕಡೆ ಸಿಗತೈತಿ, ಮಂದಿ ಅದನ್ನ ಡಬ್ಬಿಗಟ್ಟಲೆ ಹೊಡೀತಾರ, ಹೊಡದ ಕೂಡ್ಲೆ ಸೆಟ್ಟು ನಡೀತೈತಿ ಖರೆ, ಆದ್ರ ಅದು ಎಣ್ಣಿ ಪದರು ಬಿಡತೈತಿ, ನಮ್ಮೂರ ಧೂಳು ಅದರ ಮ್ಯಾಲೆ ಕುಂತ್ರ ಆರು ತಿಂಗಳಿಗೆ ಮತ್ತ ಅದ ರಾಗ. ಹೊಡೀಬೇಕ ಅಂದ್ರ ಇಯರ್‌ಬಡ್ ತುದಿಗೆ ಹೊಡದು ಆ ತುದಿ ಹಚ್ರಿ.

ಕಾಂಟ್ಯಾಕ್ಟ್ ಬಯಲಿಗೆ ಕಾಣೂ ಬಿಲ್ಲೆ ಸ್ವಿಚ್ ಆದ್ರ ನಂಗ ಎಲ್ಲಾದ್ರಕಿಂತ ಸೇರಿದ್ದು ಕಾಗದದ ಪಟ್ಟಿ. ಲಗ್ನಪತ್ರಿಕಿ ಒಳಗಿನ ನುಣುಪಿಲ್ಲದ ದಪ್ಪ ಹಾಳಿ ಇರ್ತೈತಲ್ಲ, ಅದನ್ನ ಎರಡು ಮಿಲಿಮೀಟರ್ ಅಗಲ ಕತ್ತರಿಸಿ, ಆಲ್ಕೋಹಾಲಿನ್ಯಾಗ ಎದ್ದಿ, ನಾಲಿಗಿ ಮತ್ತ ರೋಟರ್ ನಡುವ ತೂರಿಸಿ ಹಗೂರಕ ಜಗ್ಗೂದು. ಮೊದಲ ಪಟ್ಟಿ ಕಾಡಿಗಿ ಹಚ್ಚಿದಂಗ ಬರತೈತಿ, ಮೂರನೇದ್ದು ನಾಕನೇದ್ದು ಬೆಳ್ಳಗ ಬಂತಂದ್ರ ಆತು. ಬೆಳ್ಳಿಗೆ ಗೀರು ಬೀಳಂಗಿಲ್ಲ, ಸ್ಪ್ರಿಂಗ್ ಎಷ್ಟು ಬಿಗಿ ಐತಿ ಅಂತನೂ ಕೈಗೆ ಗೊತ್ತಾಗ್ತೈತಿ, ಎಲ್ಲಾ ನಾಲಿಗಿ ಪಟ್ಟಿ ಹಿಡದು ಒಂದು ಮಾತ್ರ ಸಡ್ಲ ಬಿಟ್ರ ಅದ ಕಳ್ಳ. ಕರೀ ಪದರು ಭಾಳ ಗಟ್ಟಿ ಇದ್ರ ಪೆನ್ಸಿಲ್ ರಬ್ಬರ್ ಚೂಪ ಕತ್ತರಿಸಿ ತಿಕ್ಕಬಹುದು, ಆಮ್ಯಾಲೆ ಆಲ್ಕೋಹಾಲ್ ಹಚ್ಚಿ ಪೂರ್ತಿ ಒರಸ್ರಿ, ಯಾಕಂದ್ರ ಕೆಲವು ರಬ್ಬರಿನ್ಯಾಗ ಗಂಧಕನ ಇರ್ತೈತಿ, ಕರ್ರಗ ತಗೀಲಿಕ್ಕೆ ಹೋಗಿ ಕರ್ರಗ ಆಗೂ ಬೀಜ ಬಿತ್ತಿದಂಗ ಆಗ್ತೈತಿ. ಸೆಟ್ಟಿಗೆ ರಬ್ಬರ್ ಬ್ಯಾಂಡ್ ಸುತ್ತಿ ಇಡೂದೂ ಇದ ಕಾರಣಕ್ಕ ಬ್ಯಾಡ.

ಒಂದು ಮಾತು, ಸ್ವಲ್ಪ ಕಪ್ಪು ಉಳದ್ರ ಉಳೀಲಿ. ರೋಟರ್ ಉಜ್ಜೂ ಜಾಗಾ ಅಷ್ಟ ಸ್ವಚ್ಛ ಇದ್ರ ಸಾಕು, ಫಳಾ ಫಳಾ ಮಾಡೂ ಹುಚ್ಚಿನಿಂದನ ನಾ ಆ ಜಪಾನಿ ಸೆಟ್ಟು ಕಳ್ಕೊಂಡೆ.

ಸಡ್ಲ ನಾಲಿಗಿ ಬಿಗಿ ಮಾಡೂದು ಕೈ ನಡುಗದವ್ರ ಕೆಲಸ. ರೋಟರ್ ಆ ನಾಲಿಗಿಯಿಂದ ಆಚೆ ತಿರುವಿ, ಸಣ್ಣ ಚಿಮಟದಿಂದ ತುದಿ ಹಿಡೀದ ಬುಡದ ಹತ್ರ ಒಂದು ಚೂರು, ಅಂದ್ರ ಕಣ್ಣಿಗೆ ಬಾಗಿದ್ದು ಕಾಣಬಾರದು ಅಷ್ಟು, ಒಳಗ ಒತ್ರಿ. ಪಟ್ಟಿ ಹಾಕಿ ಜಗ್ಗಿ ನೋಡ್ರಿ, ಉಳದವರ ಸಮ ಬಂತೋ ಇಲ್ಲೋ. ಫಾಸ್ಫರ್ ಬ್ರಾಂಜ್ ಎರಡು ಮೂರು ಸಲ ಬಾಗಿಸಿದ್ರ ಸುಮ್ಮನಿರ್ತೈತಿ, ಹತ್ತು ಸಲ ಆ ಕಡೆ ಈ ಕಡೆ ಮಾಡಿದ್ರ ಟಕ್ ಅಂತ ಮುರೀತೈತಿ. ಪ್ಲಾಸ್ಟಿಕ್ ಡಬ್ಬಿಯೊಳಗ ಮುಚ್ಚಿದ ಸಣ್ಣ ಸ್ವಿಚ್ ಆದ್ರ ಇದಕ್ಕ ದಾರಿ ಇಲ್ಲ, ಹನಿ ಹಾಕಿ ತಿರುವೂದು, ಆಗಲಿಲ್ಲಂದ್ರ ಬದಲಿ ಮಾಡೂದು.

ಟಕ್ ಟಕ್ ಅನ್ನೂದು ಹೋಗಿ ನಾಬ್ ಬೆಣ್ಯಾಗ ತಿರುಗಿದಂಗ ಆಗೈತಿ ಅಂದ್ರ ಗುಂಡು ಮತ್ತ ಸ್ಪ್ರಿಂಗಿನ ಕಡೆ ನೋಡ್ರಿ. ಅದನ್ನ ಬಿಚ್ಚೂದಿದ್ರ ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗ ಕೈ ಹಾಕಿ ಬಿಚ್ರಿ, ನನ್ನ ಒಂದು ಗುಂಡು ಹಾರಿ ಹೋಗಿದ್ದು ದೀಪಾವಳಿಗೆ ಮನಿ ಬಳಿಯೂ ಮುಂದ ಸಿಕ್ತು. ಗುಂಡು ಕಳದ್ರ ಸೈಕಲ್ ಅಂಗಡಿಗೆ ಹೋಗ್ರಿ, 1/8 ಇಂಚು, 5/32 ಇಂಚು ಬೇರಿಂಗ್ ಗುಂಡು ಅಲ್ಲಿ ಸಿಗತಾವು, ಚಿಲ್ಲರೆ ರೊಕ್ಕಕ್ಕ. ಹಳೇ ಗ್ರೀಸ್ ಪೂರಾ ಒರಸಿ ಹೊಸ ಗ್ರೀಸ್ ಸಾಸಿವಿ ಕಾಳಿನಷ್ಟು ಹಲ್ಲಿನ ಚಕ್ರಕ್ಕ ಅಷ್ಟ ಹಚ್ರಿ. ಗ್ರೀಸು ಕಾಂಟ್ಯಾಕ್ಟಿಗೆ ಮುಟ್ಟಬಾರದು.

ಬೆಳ್ಳಿ ಹೋಗಿ ಹಿತ್ತಾಳಿ ಹಳದಿ ಕಾಣತೈತಿ, ಇಲ್ಲಾ ನಾಲಿಗಿನ ಮುರದೈತಿ ಅಂದ್ರ ಅವಾಗ ಮಾತ್ರ ಖರೇ ಸವದದ್ದು. ಕ್ರಿಸ್ಟಲ್ ಸೆಟ್ಟಿನ್ಯಾಗ ಇದಕ್ಕೊಂದು ಪುಗಸಟ್ಟೆ ಉಪಾಯ ಐತಿ, ಸವಿಯೂದು ಯಾವಾಗಲೂ ದಿನಾ ಬಳಸೂ ಒಂದೆರಡು ಚಾನೆಲ್, ಉಳದವು ಖಾಲಿ ಕುಂತಿರ್ತಾವು. ಆ ಚಾನೆಲ್ಲಿನ ಎರಡೂ ಕ್ರಿಸ್ಟಲ್ ತಗದು ಖಾಲಿ ಚಾನೆಲ್ಲಿನ ಸಾಕೆಟ್ಟಿಗೆ ಹಾಕಿ, ನಾಬಿನ ಬಾಜೂಕ ಹೊಸಾ ನಂಬರ್ ಅಂಟಿಸಿಬಿಡ್ರಿ. ಮರೀಬಾರದ್ದು ಒಂದೈತಿ, ಒಂದೊಂದು ಸಾಕೆಟ್ಟಿಗೆ ಒಂದೊಂದು ಟ್ರಿಮ್ಮರ್, ಅಂದ್ರ ಫ್ರೀಕ್ವೆನ್ಸಿ ತುಸು ತುಸು ಹೊಂದಸೂ ತಿರುಪು, ಇರ್ತೈತಿ, ಹೊಸ ಜಾಗಾದಾಗ ಅದನ್ನ ಹೊಳ್ಳಿ ಸೆಟ್ ಮಾಡಬೇಕು. ಟ್ರಾನ್ಸ್‌ಮಿಟ್ ಕ್ರಿಸ್ಟಲ್ 12 ಮೆಗಾಹರ್ಟ್ಸ್ ಸುತ್ತಮುತ್ತ ಇದ್ದು ಸೆಟ್ಟು ಅದನ್ನ 12 ಪಟ್ಟು ಮಾಡೂದಿದ್ರ, ಕ್ರಿಸ್ಟಲ್ 100 ಹರ್ಟ್ಸ್ ಸರದ್ರ ಆಂಟೆನಾದಾಗ 1200 ಹರ್ಟ್ಸ್ ಸರದಂಗ. ವೈರ್ ಬದಲಾದ್ರೂ ಫ್ರೀಕ್ವೆನ್ಸಿ ತುಸು ಸರೀತೈತಿ, ಅದಕ್ಕ ಸ್ವಿಚ್ಚಿನ ವೈರುಗಳನ್ನೂ ಉದ್ದ ಮಾಡೂದು, ದಪ್ಪ ಹಾಕೂದು, ಚಂದ ಕಾಣಲಿ ಅಂತ ಕಟ್ಟೂದು ಮಾಡಬ್ಯಾಡ್ರಿ, ಇದ್ದಂಗ ಇರ್ಲಿ.

ಬದಲಿ ಸ್ವಿಚ್ಚ ಬೇಕ ಬೇಕು ಅಂದ್ರ ಸತ್ತ ಸೆಟ್ಟಿಂದ ಕಿತ್ತದ್ದ ಚಲೋ. ಇಲ್ಲಂದ್ರ ಕೊಪ್ಪಿಕರ್ ರೋಡ್ ಕಡೆ ಕೇಳ್ರಿ, ಬೆಂಗಳೂರಿಗೆ ಹೋಗೂವ್ರಿದ್ರ ಎಸ್‌ಪಿ ರೋಡ್. ಅಂಗಡ್ಯಾಗ ಸಿಗೂ ಸಾದಾ ರೋಟರಿ ಸ್ವಿಚ್ಚು 12 ಕಾಂಟ್ಯಾಕ್ಟಿಂದು, 30 ಡಿಗ್ರಿಗೆ ಒಂದು: 1 ಪೋಲ್ 12 ವೇ, 2 ಪೋಲ್ 6 ವೇ, 3 ಪೋಲ್ 4 ವೇ ಹಿಂಗ. ಪೋಲ್ ಅಂದ್ರ ಕಾಮನ್ ಎಷ್ಟು ಅಂತ, ವೇ ಅಂದ್ರ ಒಂದೊಂದು ಕಾಮನ್ನಿಗೆ ಜಾಗಾ ಎಷ್ಟು ಅಂತ. ರಿಸೀವಿಗೊಂದು ಟ್ರಾನ್ಸ್‌ಮಿಟ್ಟಿಗೊಂದು ಬೇಕು ಅಂದ್ರ 2 ಪೋಲ್ 6 ವೇ ತಗೊಂಡು ಆರು ಚಾನೆಲ್ಲಿಗೆ ಸಮಾಧಾನ ಆಗ್ರಿ. ನಟ್ಟಿನ ಕೆಳಗ ಕೊಕ್ಕಿ ಇದ್ದ ವಾಶರ್ ಇರ್ತೈತಿ, ಅದನ್ನ ಬ್ಯಾರೆ ತೂತಿಗೆ ಕೂಡಿಸಿದ್ರ ಎಷ್ಟು ಚಾನೆಲ್ಲಿಗೆ ನಿಲ್ಲಬೇಕು ಅಂತ ಮಾಡಬಹುದು. ಅಳತಿ ತಗೊಂಡ ಹೋಗ್ರಿ: ಜಪಾನಿ ದಂಡು 6 ಮಿಲಿಮೀಟರ್, ಅಮೇರಿಕಾದ್ದು ಕಾಲು ಇಂಚು ಅಂದ್ರ 6.35, ಆ ಕೂದಲೆಳಿ ಫರಕಿಗೆ ಹಳೇ ನಾಬ್ ಹೋಗಂಗಿಲ್ಲ ಇಲ್ಲಾ ಅಲ್ಲಾಡತೈತಿ. ತಿರುವೂ ಮುಂದ ಒಂದನ್ನ ಬಿಟ್ಟು ಇನ್ನೊಂದನ್ನ ಹಿಡಿಯೂ ನಾನ್ ಶಾರ್ಟಿಂಗ್ ಕೇಳ್ರಿ, ಶಾರ್ಟಿಂಗ್ ತರದ್ದು ಹಾಕಿದ್ರ ನಡುವ ಎರಡು ಕ್ರಿಸ್ಟಲ್ ಒಂದಕ್ಕೊಂದು ಸೇರ್ತಾವು. 16 ಚಾನೆಲ್ ಸೆಟ್ಟಿಗೆ ಇದ್ಯಾವುದೂ ಬರಂಗಿಲ್ಲ, ಅದ ಮಾಡೆಲ್ಲಿಂದ ಬೇಕು.

ಟೆಸ್ಟಿಗೆ ಡಮ್ಮಿ ಲೋಡ್, ಅಂದ್ರ ಆಂಟೆನಾ ಬದಲಿ ಪವರ್ ನುಂಗೂ ರೆಸಿಸ್ಟರ್, ಇಲ್ಲಂದ್ರ 100 ಓಮಿನ 2 ವ್ಯಾಟ್ ಕಾರ್ಬನ್ ರೆಸಿಸ್ಟರ್ ಎರಡು ಸಮಾಂತರ ಹಚ್ರಿ, 50 ಓಮ್ ಆಗ್ತೈತಿ, ಒಂದೆರಡು ವ್ಯಾಟಿನ ಸೆಟ್ಟಿಗೆ ಸಾಕು. ವೈರ್ ವೌಂಡ್ ರೆಸಿಸ್ಟರ್ ಬ್ಯಾಡ, ಅದು ಕಾಯಿಲ್ ಇದ್ದಂಗ. ಒಂದೊಂದು ಚಾನೆಲ್ಲಿಗೆ ಎರಡು ಸೆಕೆಂಡ್ ಒತ್ತಿ, ಯುಎಸ್‌ಬಿ ಎಸ್‌ಡಿಆರ್ ಡಾಂಗಲ್, ಅಂದ್ರ ಲ್ಯಾಪ್‌ಟಾಪಿಗೆ ಹಚ್ಚೂ ಸಣ್ಣ ರೇಡಿಯೋ ರಿಸೀವರ್, ಇದ್ರ ಲ್ಯಾಪ್‌ಟಾಪಿನ್ಯಾಗ ಸಿಗ್ನಲ್ಲಿನ ಗೆರಿ ನೆಟ್ಟಗ ನಿಂತೈತೋ ಇಲ್ಲೋ ನೋಡ್ರಿ, ನಾಬಿಗೆ ಪೆನ್ಸಿಲ್ಲಿನಿಂದ ಟಕ್ ಟಕ್ ಬಡೀರಿ, ಗೆರಿ ಜಿಗದ್ರ ಇನ್ನೂ ಕೆಲಸ ಐತಿ. ನಾ ಕಡೀಕ ಸೆಟ್ಟು ಹೆಗಲಿಗೆ ಹಾಕೊಂಡು ಸಂಜಿಮುಂದ ನೃಪತುಂಗ ಬೆಟ್ಟ ಹತ್ತತೀನಿ, ಅಲ್ಲಿ ನಿಂತು ಧಾರವಾಡದ ಗೆಳ್ಯಾನ ಕೂಡ ಮಾತಾಡ್ಕೋತ ನಾಬ್ ತಿರುವಿ ತಿರುವಿ ಹೊಳ್ಳಿ ಅದ ಚಾನೆಲ್ಲಿಗೆ ಬರತೀನಿ, ಹತ್ತು ಸಲಕ್ಕ ಹತ್ತೂ ಸಲ ಆಂವ ಸಿಕ್ಕಾ ಅಂದ್ರ ಪಾಸ್. ಟೇಬಲ್ ಮ್ಯಾಲೆ ಬಿಚ್ಚಿಟ್ಟಾಗ ಚಲೋ ನಡದು ಮುಚ್ಚಳ ಹಾಕಿದ ಮ್ಯಾಲೆ ಕೆಟ್ರ ಸ್ವಿಚ್ಚಿಗೆ ಬಯ್ಯಬ್ಯಾಡ್ರಿ, ಯಾವುದೋ ವೈರು ಮುಚ್ಚಳದ ಅಂಚಿಗೆ ಸಿಕ್ಕಿರ್ತೈತಿ, ಬಿಚ್ಚೂ ಮುಂದ ಹೊಡದ ಫೋಟೋ ತಗದು ಆ ವೈರ್ ಮೊದಲ ಎಲ್ಲಿ ಹಾದು ಹೋಗಿತ್ತು ಅಂತ ನೋಡ್ರಿ.